ಕೇಳದೇ ಹಾಕಿದ ಮೂರು ಸರಿ ಗುರುತು

ಪಟ್ಟಿಯಕ್ಕನ ನಿಜವಾದ ಹೆಸರು ಕಾರ್ಯಾಗಾರದ ಹಾಜರಿ ಪುಸ್ತಕದಲ್ಲಿದೆ, ಬೇರೆಲ್ಲೂ ಇಲ್ಲ. ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ, ಕಾಲನ್ನು ತೊಡೆಗೆ ಬಿಗಿಯುವ ಚರ್ಮದ ಪಟ್ಟಿಗಳನ್ನು ಇಪ್ಪತ್ತಾರು ವರ್ಷಗಳಿಂದ ಹೊಲಿಯುತ್ತಿರುವವಳು ಅವಳು. ಅವಳು ಹೊಲಿದ ಪಟ್ಟಿ ಹರಿದು ವಾಪಸು ಬಂದದ್ದಿಲ್ಲ. ತನಗೆ ಮೀಸೆ ಇದ್ದಿದ್ದರೆ ಅರ್ಧ ಬೋಳಿಸಿಕೊಳ್ಳುವ ಪಣ ಕಟ್ಟುತ್ತಿದ್ದೆ ಎಂದು ಆಗಾಗ ಹೇಳುತ್ತಾಳೆ. ಐವತ್ತಮೂರು ವಯಸ್ಸು, ಬಲ ಮಂಡಿಯಲ್ಲಿ ನೋವು, ಮೂಗಿನ ತುದಿಯಲ್ಲಿ ಕೋಪ.

ಇಂಥವಳ ಕೈಗೆ ಸರ್ವರ್ ಬಂದದ್ದು ಹೇಗೆಂದರೆ, ಬೇರೆ ಯಾರೂ ಅದನ್ನು ಮುಟ್ಟಲಿಲ್ಲ, ಅದಕ್ಕೆ. ಕಾರ್ಯಾಗಾರಕ್ಕೆ ಬಂದವರ ಕಾಲಿನ ಅಳತೆಯನ್ನು ಒಂದು ಸ್ಕ್ಯಾನರ್ ತೆಗೆಯುತ್ತದೆ. ಆ ಅಳತೆ ಡೇಟಾಬೇಸಿಗೆ ಹೋಗುತ್ತದೆ. ಅಲ್ಲಿಂದ ಅದನ್ನು ಓದಿಕೊಂಡು ಕೊರೆಯುವ ಯಂತ್ರ ಒಂದು ಬಿಳಿ ದಿಮ್ಮಿಯಲ್ಲಿ ಅಚ್ಚು ಕೊರೆಯುತ್ತದೆ. ಆ ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದರೆ ಕಾಲು ಕೂರುವ ಬಟ್ಟಲು ಸಿದ್ಧ. ಜನರ ಮೈ ಅಳತೆಯನ್ನು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಇಡುವುದು ಬೇಡ ಎಂದು ಕಾರ್ಯಾಗಾರದ ಮೇಡಂ ಹಟ ಹಿಡಿದಿದ್ದರಿಂದ ಸರ್ವರ್ ಅಲ್ಲೇ, ಚರ್ಮದ ಸುರುಳಿಗಳ ಪಕ್ಕದ ಕಬ್ಬಿಣದ ಬೀರುವಿನಲ್ಲಿ ಕೂತಿತು. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಬೇರೆ ಕೆಲಸ ಸಿಕ್ಕಿತೆಂದು ಹೊರಟ. ಹೋಗುವ ದಿನ ಸುತ್ತ ನೋಡಿದ. ಬೀರುವಿಗೆ ಹತ್ತಿರ ಕೂತಿದ್ದವಳು ಪಟ್ಟಿಯಕ್ಕ. ಬೀರುವಿನ ಕೀಲಿಕೈಯನ್ನೂ ಒಂದು ಕೆಂಪು ರಟ್ಟಿನ ನೋಟ್‌ಬುಕ್ಕನ್ನೂ ಅವಳ ಮೇಜಿನ ಮೇಲಿಟ್ಟು, "ಸೋಮವಾರ ಸೋಮವಾರ ನೋಡಿಕೊಳ್ಳಿ, ಸಾಕು" ಎಂದು ಹೇಳಿ ಕೈತೊಳೆದುಕೊಂಡ.

ಸಾಕಂತೆ. ಮೊದಲ ವರ್ಷ ಅವಳು ಆ ನೋಟ್‌ಬುಕ್ಕಿನ ಮುಂದೆ ಕೂತು ಅತ್ತದ್ದೂ ಉಂಟು. ಆದರೆ ಬಿಡುವ ಪೈಕಿ ಅಲ್ಲ. ಒಂದು ಹೊಲಿಗೆ ಎಲ್ಲಿ ಬಿಟ್ಟಿತು ಎಂದು ಹುಡುಕುವ ಹಾಗೆಯೇ ಒಂದೊಂದು ಸಾಲನ್ನೂ ಹುಡುಕಿ, ಕೇಳಿ, ಓದಿ, ತಪ್ಪು ಮಾಡಿ ಕಲಿತಳು. ಈಗ ಎಂಟು ವರ್ಷ. ಆ ಬೀರುವಿನೊಳಗೆ ಏನು ನಡೆಯುತ್ತದೆಂದು ಅವಳಷ್ಟು ಸರಳವಾಗಿ ಹೇಳುವವರು ಇಲ್ಲ. "ಡೇಟಾಬೇಸ್ ಏನ್ ಮಾಡೋದಿದ್ರೂ ಮೊದಲು ಒಂದು ದಿನಚರಿಯಲ್ಲಿ ಬರ್ಕೊಳ್ಳುತ್ತೆ. ಆಮೇಲೆ ದೊಡ್ಡ ಪುಸ್ತಕಕ್ಕೆ ಏರಿಸುತ್ತೆ. ಆ ದಿನಚರಿಗೇ ಲಾಗ್ ಅನ್ನೋದು. ಏರಿಸಿ ಆದ್ಮೇಲೆ ಹಳೇ ಹಾಳೆ ಹರಿದು ಎಸೆಯುತ್ತೆ" ಎನ್ನುತ್ತಾಳೆ. ಇಷ್ಟೇ. ಇಷ್ಟಕ್ಕೇ ದೊಡ್ಡ ದೊಡ್ಡವರು ಇಂಗ್ಲಿಷಿನಲ್ಲಿ ಒಂದು ಗಂಟೆ ಕೊರೆಯುತ್ತಾರೆ.

ಕಾರ್ಯಾಗಾರಕ್ಕೆ ಬೆಂಕಿ ಬಿದ್ದರೆ ಏನು ಗತಿ ಎಂದು ಯೋಚಿಸಿ, ಎರಡು ಬೀದಿ ಆಚೆ ಇರುವ ತಂಗಿಯ ಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇಟ್ಟವಳೂ ಅವಳೇ. ಅದು ನಕಲು ಯಂತ್ರ. ಇಲ್ಲಿನ ಲಾಗಿನ ಹಾಳೆಗಳನ್ನು ಇಂಟರ್ನೆಟ್ಟಿನಲ್ಲಿ ತರಿಸಿಕೊಂಡು ಓದಿ, ಇಲ್ಲಿರುವುದೆಲ್ಲವನ್ನೂ ಅಲ್ಲಿ ಹಾಗೇ ಬರೆದಿಡುತ್ತದೆ. ಅದರ ಮೇಲೊಂದು ದೀಪ. ಎಲ್ಲ ಓದಿ ಮುಗಿದಿದ್ದರೆ ಹಸಿರು, ಓದುವುದು ಬಾಕಿ ಇದ್ದರೆ ಹಳದಿ. ಪ್ರತಿ ಸೋಮವಾರ ಹತ್ತು ಗಂಟೆಗೆ ಅಕ್ಕ ಫೋನ್ ಮಾಡುವುದು, ತಂಗಿ ಮಹಡಿ ಹತ್ತಿ ನೋಡಿ "ಹಸಿರು" ಎನ್ನುವುದು, ಆಮೇಲೆ ಅರ್ಧ ಗಂಟೆ ಇಬ್ಬರೂ ಊರ ಮೇಲಿನ ಮಾತಾಡುವುದು. ಫೋನ್ ಇಟ್ಟ ಮೇಲೆ ಕೆಂಪು ನೋಟ್‌ಬುಕ್ಕಿನಲ್ಲಿ "ದೀಪ ಯಾವ ಬಣ್ಣ?" ಎಂಬ ಸಾಲಿನ ಮುಂದೆ ಒಂದು ಸರಿ ಗುರುತು.

ಇನ್ನು ಆ ಗುರುವಾರದ ಕಥೆ.

ಆ ದಿನ ಅಳತೆಗೆಂದು ಮೂವತ್ತು ಜನ ಬಂದಿದ್ದರು. ಬೆಂಚುಗಳೆಲ್ಲ ತುಂಬಿ ಕಾರಿಡಾರಿನಲ್ಲೂ ಕುರ್ಚಿ ಹಾಕಿದ್ದರು. ಅವರಲ್ಲಿ ಆ ದಿನವೇ ಕಾಲು ಕಟ್ಟಿಕೊಂಡು ಹೋಗಬೇಕಾದವಳು ಒಬ್ಬಳೇ, ಅಂಚೆಯಮ್ಮ. ಹದಿನೇಳು ವರ್ಷ ಕಾಗದ ಹಂಚಿದವಳು. ಅಪಘಾತದಲ್ಲಿ ಎಡಗಾಲು ಮಂಡಿಯ ಕೆಳಗೆ ಹೋದ ಮೇಲೆ ಒಂದು ಕಾಲು ಮಾಡಿಸಿದ್ದಳು. ಈಚೆಗೆ ಮೈ ಇಳಿದು ಅದರ ಬಟ್ಟಲು ಸಡಿಲವಾಗಿ, ನಾಲ್ಕು ಹೆಜ್ಜೆಗೆ ಚರ್ಮ ಕಿತ್ತುಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಅವಳ ಕಚೇರಿಯಲ್ಲಿ ನಡಿಗೆಯ ಪರೀಕ್ಷೆ. ಚೀಲ ಹೊತ್ತು ಎರಡು ಕಿಲೋಮೀಟರ್ ನಡೆದು ತೋರಿಸಿದರೆ ಅವಳ ಬೀದಿಗಳು ಅವಳಿಗೆ ವಾಪಸು. ಇಲ್ಲದಿದ್ದರೆ ನಿವೃತ್ತಿಯವರೆಗೆ ಒಳಗಿನ ಕೋಣೆಯಲ್ಲಿ ಮುದ್ರೆ ಒತ್ತುವ ಕೆಲಸ.

"ಮುದ್ರೆ ಒತ್ತೋ ಕೆಲಸ ಕೆಟ್ಟದ್ದೇನಲ್ಲ ಅಕ್ಕ. ಆದ್ರೆ ಆ ಕೋಣೆಗೆ ಕಿಟಕಿ ಇಲ್ಲ" ಎಂದಿದ್ದಳು ಅವಳು, ಪಟ್ಟಿಯ ಅಳತೆ ಕೊಡುವಾಗ. ಮೊದಲ ದಿನದಿಂದ ಕಿಟಕಿ ಪಕ್ಕವೇ ಕೂತು ಹೊಲಿದ ಪಟ್ಟಿಯಕ್ಕನಿಗೆ ಆ ಮಾತು ನೇರ ಎದೆಗೆ ತಾಗಿತ್ತು.

ಹನ್ನೊಂದೂವರೆಗೆ ಹಿಟ್ಟಣ್ಣ ಅಂಚೆಯಮ್ಮನ ಅಚ್ಚು ಕೊರೆಯಲು ಶುರು ಮಾಡಿದ. ಹಿಟ್ಟಣ್ಣ ಎಂದರೆ ಕೊರೆಯುವ ಯಂತ್ರದವನು. ದಿಮ್ಮಿಯ ಬಿಳಿ ಪುಡಿಯಲ್ಲಿ ಮಿಂದು, ಹಿಟ್ಟಿನ ಗಿರಣಿಯಿಂದ ಈಗಷ್ಟೇ ಬಂದವನ ಹಾಗೆ ಕಾಣುವುದರಿಂದ ಆ ಹೆಸರು. ಎರಡು ಗಂಟೆಯ ಕೆಲಸ. ನಡುವೆ ನಿಂತಿತೋ, ಕೆಟ್ಟಿತು. ಅರ್ಧ ಕೊರೆದ ದಿಮ್ಮಿಯನ್ನು ಮತ್ತೆ ಅದೇ ಜಾಗದಿಂದ ಹಿಡಿಸಲು ಆಗುವುದಿಲ್ಲ, ಆ ಅಳತೆಯ ದಿಮ್ಮಿ ಇದ್ದದ್ದು ಅದೊಂದೇ, ಹೊಸದು ಬರುವುದು ಮುಂದಿನ ವಾರ.

ಹನ್ನೊಂದು ಗಂಟೆ ನಲವತ್ತಕ್ಕೆ ಪಟ್ಟಿಯಕ್ಕ ದಾರ ತೆಗೆಯಲು ಬೀರುವಿನ ಕಡೆ ಹೋದಳು. ಹೋದವಳು ಅಭ್ಯಾಸಬಲದಿಂದ ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಡಿಸ್ಕ್ ನೂರಕ್ಕೆ ತೊಂಬತ್ತೇಳು ತುಂಬಿತ್ತು.

ಸೋಮವಾರ ನೋಡಿದಾಗ ಎಪ್ಪತ್ತೆಂಟು ಇತ್ತು. ಆಗಲೇ ಹೆಚ್ಚಾಯಿತಲ್ಲ ಅನ್ನಿಸಿ, ಅಳತೆಗೆ ಬರುವವರು ಹೆಚ್ಚಿದ್ದಾರೆ, ಅದಕ್ಕೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಡಿಸ್ಕ್ ಪೂರ್ತಿ ತುಂಬಿದರೆ ಡೇಟಾಬೇಸ್ ದಿನಚರಿ ಬರೆಯಲು ಜಾಗವಿಲ್ಲದೆ ನಿಂತುಬಿಡುತ್ತದೆ. ಡೇಟಾಬೇಸ್ ನಿಂತರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ಅಂಚೆಯಮ್ಮನಿಗೆ ಕಿಟಕಿಯಿಲ್ಲದ ಕೋಣೆ.

"ಸ್ಕ್ಯಾನರ್ ನಿಲ್ಸಿ. ಎಲ್ಲರಿಗೂ ಒಂದು ಗಂಟೆ ಬಿಟ್ಟು ಅಂತ ಹೇಳಿ" ಎಂದು ಅಳತೆಯ ಕೋಣೆಗೆ ಕೂಗಿ ಹೇಳಿದಳು. ಇಪ್ಪತ್ತಾರು ವರ್ಷಗಳಲ್ಲಿ ಅವಳು ಹಾಗೆ ಕೂಗಿದ್ದನ್ನು ಕೇಳಿರದ ಮೇಡಂ ಮರುಮಾತಾಡದೆ ನಿಲ್ಲಿಸಿಬಿಟ್ಟರು. ಆದರೂ ಸಂಖ್ಯೆ ಏರುತ್ತಿತ್ತು. ರಿಪೇರಿಗೆ ನಿಂತು ಮೂರು ವಾರದ ಮೇಲೆ ಇವತ್ತೇ ಮತ್ತೆ ಶುರುವಾದ ಕೊರೆಯುವ ಯಂತ್ರ ವಿಪರೀತ ಮಾತಿನದು. ಒಂದೊಂದು ಸುತ್ತಿಗೂ ಎಷ್ಟು ಕೊರೆದೆ, ಎಲ್ಲಿ ಕೊರೆದೆ ಎಂದು ಡೇಟಾಬೇಸಿಗೆ ಒದರುತ್ತಲೇ ಇರುತ್ತದೆ. ಅದೊಂದೇ ಸಾಕು, ಆರು ನಿಮಿಷಕ್ಕೆ ಶೇಕಡಾ ಒಂದು.

ಯಂತ್ರದ ಪಕ್ಕದಿಂದ ಹಿಟ್ಟಣ್ಣ ಬಂದು ಭುಜದ ಮೇಲಿಂದ ಇಣುಕಿದ. ಅವಳು ಆಗಲೇ ಯಾವ ಕಡತ ಎಷ್ಟು ಜಾಗ ತಿಂದಿದೆ ಎಂದು ಪಟ್ಟಿ ತೆಗೆಸಿದ್ದಳು. ಅಳತೆಗಳೆಲ್ಲ ಇದ್ದ ಹಾಗೆಯೇ ಇದ್ದವು. ಉಬ್ಬಿ ಕೂತಿದ್ದದ್ದು ಲಾಗ್. ಸಾವಿರಾರು ಹಾಳೆ, ಒಂದನ್ನೂ ಹರಿದು ಎಸೆದಿಲ್ಲ.

"ಲಾಗ್ ತಾನೆ ಅಕ್ಕ? ಹಳೇ ಕಸ. ಅಳಿಸಿಬಿಡಿ" ಎಂದು ಅವನು ಕೀಲಿಮಣೆಗೆ ಕೈ ಚಾಚಿದ.

ಅವಳು ಆ ಕೈಗೆ ಪಟ್ಟೆಂದು ಒಂದು ಕೊಟ್ಟಳು. ಬಿಳಿ ಪುಡಿ ಹಾರಿತು. "ಕಸ ಅಂತೆ. ದೊಡ್ಡ ಪುಸ್ತಕಕ್ಕೆ ಇನ್ನೂ ಏರದೇ ಇರೋ ಹಾಳೆನೂ ಅದರಲ್ಲೇ ಇರುತ್ತೆ ಕಣೋ. ಆ ಎಂಜಿನಿಯರ್ ಒಂದ್ಸಲ ಹೀಗೇ ಬುದ್ಧಿ ಓಡ್ಸಿ ಕೈಯಾರೆ ಅಳಿಸ್ದ. ಡೇಟಾಬೇಸ್ ಮತ್ತೆ ಏಳಲೇ ಇಲ್ಲ. ಇನ್ನೂರು ಜನಾನ ವಾಪಸ್ ಕರೆಸಿ ಅಳತೆ ತಗೊಂಡ್ವಿ. ನೀನಾಗ ಇನ್ನೂ ಇಲ್ಲಿ ಸೇರಿರಲಿಲ್ಲ."

"ಮತ್ತೆ ಯಾಕೆ ಎಸೀತಿಲ್ಲ ಅದು?"

ಪ್ರಶ್ನೆ ಸರಿಯಾದದ್ದೇ. ಯಾಕೆ ಎಸೆಯುತ್ತಿಲ್ಲ? ಯಾರಿಗಾದರೂ ಬೇಕಾಗಿದ್ದರೆ ಮಾತ್ರ ಅದು ಹಳೆಯ ಹಾಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಾರಿಗೆ ಬೇಕು? ಪಟ್ಟಿಯಕ್ಕ ಇನ್ನೊಂದು ಪಟ್ಟಿ ತೆಗೆಸಿದಳು, ಲಾಗ್ ಓದಲು ಬರುವವರದ್ದು. ಅದರಲ್ಲಿ ಇದ್ದದ್ದು ಒಂದೇ ಸಾಲು. ಹೆಸರು: ತಂಗಿ. ಆ ಹೆಸರು ಕೊಟ್ಟವಳೂ ಅವಳೇ. ಸಂಪರ್ಕದಲ್ಲಿ ಇದೆಯೇ: ಇಲ್ಲ. ಕೊನೆಗೆ ಬಂದು ಓದಿದ್ದು: ಹತ್ತೊಂಬತ್ತು ದಿನದ ಹಿಂದೆ, ಶನಿವಾರ.

ಆ ಶನಿವಾರ ಏನಾಗಿತ್ತೆಂದು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ತಂಗಿ ಮನೆಯ ಕೆಳಗೇ ಗುಂಡಿ, ದಾರ, ಲೇಸಿನ ಅಂಗಡಿ ತೆರೆದ ದಿನ ಅದು. ಹತ್ತು ಗಂಟೆಗೆ ಬಾ ಎಂದು ಹದಿನೈದು ದಿನದಿಂದ ಹೇಳಿದ್ದಳು. ಅವತ್ತು ಬೆಳಿಗ್ಗೆಯೇ ಸರ್ವರಿನ ಹಳೆಯ ಡಿಸ್ಕ್ ಮುನ್ಸೂಚನೆ ಇಲ್ಲದೆ ಕೈಕೊಟ್ಟಿತು. ಅಕ್ಕ ಅದನ್ನು ಬದಲಿಸಿ, ತಂಗಿಯ ಮನೆಯ ನಕಲಿನಿಂದಲೇ ಎಲ್ಲವನ್ನೂ ತುಂಬಿಸಿಕೊಂಡು ಓಡಿ ಬರುವ ಹೊತ್ತಿಗೆ ಒಂದೂಕಾಲು. ಬಂದವರೆಲ್ಲ ಹೋಗಿಯಾಗಿತ್ತು. ತಂಗಿ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡುತ್ತಾ, "ನಿನಗೆ ಒಡಹುಟ್ಟಿದೋಳು ನಾನಲ್ಲ, ಆ ಬೀರು" ಎಂದಳು. ಅಷ್ಟಕ್ಕೆ ಸುಮ್ಮನಿದ್ದರೆ ಪಟ್ಟಿಯಕ್ಕ ಹೇಗಾದಾಳು? "ಬೀರುಗೆ ಬಾಯಿಲ್ಲ. ಅಷ್ಟಾದ್ರೂ ನೆಮ್ಮದಿ" ಎಂದುಬಿಟ್ಟಳು. ಅವತ್ತಿನಿಂದ ಮಾತಿಲ್ಲ, ಕಥೆಯಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಎರಡು ಬೀದಿಯ ಆಚೆಗೊಬ್ಬರು ಈಚೆಗೊಬ್ಬರು.

ಕೆಂಪು ನೋಟ್‌ಬುಕ್ ತೆರೆದಳು. ಆ ಶನಿವಾರದ ಆಮೇಲಿನ ಮೂರು ಸೋಮವಾರಗಳು. "ದೀಪ ಯಾವ ಬಣ್ಣ?" ಎಂಬ ಸಾಲಿನ ಮುಂದೆ ಮೂರು ಸರಿ ಗುರುತು, ಅವಳದೇ ಕೈಯಿಂದ, ಅಂದವಾಗಿ. ಫೋನ್ ಒಂದು ಸಲವೂ ಮಾಡಿರಲಿಲ್ಲ. ಇಷ್ಟು ವರ್ಷ ಹಸಿರೇ ಇದ್ದದ್ದು ಈಗೇನು ಬದಲಾಗುತ್ತದೆ, ಮೊದಲು ಅವಳೇ ಮಾಡಲಿ ಎಂದು ಬಿಂಕದಿಂದ ಗುರುತು ಎಳೆದು ಪುಸ್ತಕ ಮುಚ್ಚಿದ್ದಳು. ಒಂದೇ ಒಂದು ಹೊಲಿಗೆ ತಪ್ಪಿದರೆ ಇಡೀ ಪಟ್ಟಿ ಬಿಚ್ಚುವವಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅತ್ತ ನಕಲು ಯಂತ್ರ ಬರಲಿಲ್ಲ. ಇತ್ತ ಡೇಟಾಬೇಸ್, ಅದು ಬಂದೇ ಬರುತ್ತದೆ ಎಂದು ನಂಬಿ, ನಡೆದದ್ದೆಲ್ಲವನ್ನೂ ಒಂದಕ್ಷರ ಬಿಡದೆ ಅದಕ್ಕಾಗಿ ಎತ್ತಿಟ್ಟುಕೊಂಡು ಕೂತಿತ್ತು. ಹತ್ತೊಂಬತ್ತು ದಿನ. ಉಬ್ಬದೆ ಇನ್ನೇನು?

"ಈಗೇನ್ ಮಾಡೋದು?" ಎಂದ ಹಿಟ್ಟಣ್ಣ. ತೊಂಬತ್ತೆಂಟು ತೋರಿಸುತ್ತಿತ್ತು.

ಮೊದಲು ಮಡಿಕೆ. ಬಟ್ಟೆ ಹೊಲಿಯುವವರು, ಚರ್ಮ ಹೊಲಿಯುವವರು ಯಾರೂ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ. ಮುಂದೆ ಬಿಚ್ಚಿ ಹಿಗ್ಗಿಸಲು ಒಳಗೆ ಒಂದಿಷ್ಟು ಮಡಿಕೆ ಬಿಟ್ಟಿರುತ್ತಾರೆ. ಪಟ್ಟಿಯಕ್ಕ ಹೊಸ ಡಿಸ್ಕ್ ಹಾಕಿದ ದಿನವೇ ಅದರಲ್ಲೂ ಬಿಟ್ಟಿದ್ದಳು. ಒಳಗೆ ಏನೂ ಇಲ್ಲದ, ಸುಮ್ಮನೆ ಜಾಗ ಹಿಡಿದು ಕೂತ ಒಂದು ದಪ್ಪ ಕಡತ, ಹೆಸರು ಮಡಿಕೆ. ಅದನ್ನು ಅಳಿಸಿದಳು. ತೊಂಬತ್ತೆಂಟು ಇದ್ದದ್ದು ತೊಂಬತ್ತನಾಲ್ಕಕ್ಕೆ ಇಳಿಯಿತು.

"ಅರ್ಧ ಗಂಟೆ ಸಿಕ್ತು" ಎಂದಳು.

ಇನ್ನೊಂದು ದಾರಿಯೂ ಇತ್ತು, ಬಹಳ ಸಲೀಸಾದದ್ದು. ಆ ಪಟ್ಟಿಯಿಂದ 'ತಂಗಿ' ಎಂಬ ಹೆಸರನ್ನು ಹೊಡೆದುಹಾಕಿದರೆ ಮುಗಿಯಿತು. ಡೇಟಾಬೇಸ್ ಯಾರಿಗೂ ಕಾಯುವುದಿಲ್ಲ, ಹಾಳೆಗಳನ್ನೆಲ್ಲ ಒಂದೇ ಗುಕ್ಕಿಗೆ ಎಸೆಯುತ್ತದೆ. ಆದರೆ ಆಮೇಲೆ ನಕಲು ನಕಲಾಗಿ ಉಳಿಯುವುದಿಲ್ಲ. ನಡುವಿನ ಹಾಳೆ ಓದದೆ ಮುಂದಿನದು ಅದಕ್ಕೆ ತಿಳಿಯುವುದಿಲ್ಲ. ಅಲ್ಲಿರುವುದನ್ನೂ ಅಳಿಸಿ ಮೊದಲಿನಿಂದ ಎಲ್ಲವನ್ನೂ ಕಳಿಸಬೇಕು, ಅರ್ಧ ದಿನವಾದರೂ ಹಿಡಿಯುತ್ತದೆ. ಆ ಅರ್ಧ ದಿನ ಎಂಟು ಸಾವಿರ ಜನರ ಅಳತೆ ಒಂದೇ ಡಿಸ್ಕಿನ ಮೇಲೆ. ಹಿಂದಿನ ಡಿಸ್ಕ್ ಹೇಗೆ ಕೈಕೊಟ್ಟಿತೆಂದು ನೋಡಿದವಳಿಗೆ ಅದು ಬೇಡವಾಗಿತ್ತು. ಜೊತೆಗೆ ಇನ್ನೊಂದು ಕಾರಣ. ಆ ಹೆಸರಿನ ಮೇಲೆ ಗೀಟು ಎಳೆಯಲು ಅವಳ ಕೈ ಬರಲಿಲ್ಲ.

ಫೋನ್ ಮಾಡಿದಳು. ತಂಗಿಯ ಫೋನ್ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ.

ಒಂದು ಚೀಟಿಯ ಮೇಲೆ ಒಂದು ಸಾಲು ಬರೆದು ಹಿಟ್ಟಣ್ಣನ ಕೈಗಿತ್ತಳು. "ಪರದೆ ಮೇಲೆ ಕಣ್ಣಿಟ್ಟಿರು. ತೊಂಬತ್ತೊಂಬತ್ತು ಅಂತ ಬಂದ್ರೆ ಇದನ್ನ ಹಾಗೇ ಹೊಡೆದು ಎಂಟರ್ ಒತ್ತು. ತಂಗಿ ಹೆಸರು ಹೋಗುತ್ತೆ, ಯಂತ್ರ ಉಳಿಯುತ್ತೆ. ನನ್ನನ್ನ ಕೇಳ್ತಾ ಕೂರಬೇಡ."

"ನೀವೆಲ್ಲಿಗೆ?"

ಅವಳು ಆಗಲೇ ಬಾಗಿಲಲ್ಲಿದ್ದಳು. ಕಾರಿಡಾರಿನ ಬೆಂಚಿನಲ್ಲಿ, ಮಡಿಲಲ್ಲಿ ಖಾಲಿ ಅಂಚೆ ಚೀಲ ಇಟ್ಟುಕೊಂಡು ಅಂಚೆಯಮ್ಮ ಕೂತಿದ್ದಳು. ಏನೋ ಕೆಟ್ಟಿದೆ ಎಂದು ಅವಳಿಗೆ ಗೊತ್ತಾಗಿತ್ತು, ಕೇಳಲು ಧೈರ್ಯ ಬಂದಿರಲಿಲ್ಲ. ಪಟ್ಟಿಯಕ್ಕ ಅವಳ ಕಡೆ ನೋಡಿ, "ನಿಮ್ಮ ಕಾಲು ಕೊರೀತಿದೆ. ಕೊರೆದು ಮುಗಿಯುತ್ತೆ" ಎಂದಷ್ಟೇ ಹೇಳಿ ಎದ್ದೆನೋ ಬಿದ್ದೆನೋ ಎಂದು ಹೊರಟಳು.

ಐವತ್ತಮೂರರ ಹೆಂಗಸು, ಸೊಂಟದಲ್ಲಿ ಚರ್ಮದ ಏಪ್ರನ್, ಕಿವಿಗೆ ಒತ್ತಿ ಹಿಡಿದ ಫೋನ್, ಬೀದಿಯಲ್ಲಿ ಓಟ. ಟೈರಿನ ಅಂಗಡಿಯವನು ಪಂಪು ಕೈಬಿಟ್ಟು ನೋಡಿದ. ಬೀಗ ರಿಪೇರಿಯವನು ಹಿಂದಿನಿಂದ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು ಇಣುಕಿದ. ಮಂಡಿ ಒಂದೊಂದು ಹೆಜ್ಜೆಗೂ ಬೈಯುತ್ತಿತ್ತು. ಫೋನಿನೊಳಗಿಂದ ಹಿಟ್ಟಣ್ಣ, ರೈಲಿನ ಹೊತ್ತು ಸಾರುವವನ ಗಂಭೀರ ದನಿಯಲ್ಲಿ, "ತೊಂಬತ್ತೈದು" ಎಂದ. ಶಾಲೆಯ ಗೋಡೆ ದಾಟಿ ತಿರುವಿಗೆ ಬಂದಾಗ ಅವಳಿಗೆ ಜೀವ ಬಾಯಿಗೆ ಬಂದಿತ್ತು. ಆದರೆ ನಿಜ ಹೇಳಬೇಕೆಂದರೆ, ಅಷ್ಟು ಭಯದ ನಡುವೆಯೂ ಅವಳಿಗೆ ಒಳಗೊಳಗೇ ಹುರುಪೆದ್ದಿತ್ತು. ಹತ್ತೊಂಬತ್ತು ದಿನದಿಂದ ಹೋಗಬೇಕೆಂದಿದ್ದ ಮನೆಗೆ ಹೋಗಲು ಕೊನೆಗೂ ಒಂದು ನೆಪ ಸಿಕ್ಕಿತ್ತು.

ತಂಗಿ ಗಿರಾಕಿಯೊಬ್ಬರಿಗೆ ಗುಂಡಿ ಎಣಿಸಿ ಕೊಡುತ್ತಿದ್ದಳು. ಅಕ್ಕನನ್ನು ಕಂಡವಳೇ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದಳು, ಬೇಕೆಂದೇ ನಿಧಾನವಾಗಿ.

"ಮಹಡಿ ಮೇಲಿನ ಯಂತ್ರ..." ಎಂದಳು ಪಟ್ಟಿಯಕ್ಕ ಏದುಸಿರು ಬಿಡುತ್ತಾ.

"ಹತ್ತೊಂಬತ್ತು ದಿನ ಆದ್ಮೇಲೆ ಬಂದು, ಅದನ್ನೇ ಕೇಳ್ತಿದ್ದೀಯಾ?"

"ಅದರ ದೀಪ ಯಾವ ಬಣ್ಣ?"

ತಂಗಿ ಗುಂಡಿಗಳನ್ನು ಕೆಳಗಿಟ್ಟಳು. "ದೀಪ ಇಲ್ಲ. ನಾನೇ ಪ್ಲಗ್ ಕಿತ್ತೆ. ಅವತ್ತೇ ಸಂಜೆ. ನಿನ್ನ ಮೇಲಿನ ಸಿಟ್ಟಿಗೆ."

ಬೇರೆ ದಿನವಾಗಿದ್ದರೆ ಅಂಗಡಿಯ ಗುಂಡಿಗಳೆಲ್ಲ ಬೀದಿಗೆ ಬೀಳುವಷ್ಟು ಜಗಳವಾಗುತ್ತಿತ್ತು. "ತೊಂಬತ್ತಾರು" ಎಂದಿತು ಫೋನು. ಪಟ್ಟಿಯಕ್ಕ ಕೈ ಚಾಚಿದಳು. "ಮೇಲಿನ ಕೀ ಕೊಡೇ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಅವಳ ಮುಖದಲ್ಲಿ ತಂಗಿ ಏನು ಕಂಡಳೋ, ಗಿರಾಕಿಯನ್ನು ಅಲ್ಲೇ ಬಿಟ್ಟು ಕೀ ಹುಡುಕತೊಡಗಿದಳು. ಕೀ ಗಲ್ಲಾಪೆಟ್ಟಿಗೆಯಲ್ಲಿ ಇರಲಿಲ್ಲ, ಮೊಳೆಯ ಮೇಲೆ ಇರಲಿಲ್ಲ. ಹೊಸ ಅಂಗಡಿ, ಯಾವುದಕ್ಕೂ ಇನ್ನೂ ಒಂದು ಜಾಗ ಎಂದಿರಲಿಲ್ಲ. ಒಂದು ಡಬ್ಬಿ ತೆಗೆದರೆ ಕೊಕ್ಕೆ, ಇನ್ನೊಂದು ತೆಗೆದರೆ ಜಿಪ್ಪು. "ತೊಂಬತ್ತೇಳು." ಕೊನೆಗೆ ಕೀ ಸಿಕ್ಕಿದ್ದು ದಂತಬಣ್ಣದ ಗುಂಡಿಗಳ ಡಬ್ಬಿಯ ಕೆಳಗೆ, ತಂಗಿಯ ಫೋನಿನ ಪಕ್ಕದಲ್ಲಿ. ಆ ಫೋನಿನ ಪರದೆಯ ಮೇಲೆ "ಅಕ್ಕ, ತಪ್ಪಿದ ಕರೆ, ಎರಡು" ಎಂದಿತ್ತು. ಇಬ್ಬರೂ ಅದನ್ನು ನೋಡಿದರು.

ಮೆಟ್ಟಿಲು ಹತ್ತುವಾಗ ತಂಗಿ ಹಿಂದಿನಿಂದ ಹೇಳುತ್ತಾ ಬಂದಳು. "ಮಾರನೇ ದಿನವೇ ಹಾಕಿಬಿಡಬೇಕು ಅಂದ್ಕೊಂಡೆ. ಕಿತ್ತಿದ್ದರಿಂದ ಕೆಟ್ಟಿದ್ರೆ ಅಂತ ಹೆದರಿಕೆ ಆಯ್ತು. ಸೋಮವಾರ ನೀನು ಫೋನ್ ಮಾಡ್ತೀಯಲ್ಲ, ಆಗ ಹೇಳೋಣ ಅಂತಿದ್ದೆ. ಹತ್ತು ಗಂಟೆಗೆ ಫೋನ್ ಮುಂದೆ ಇಟ್ಕೊಂಡೇ ಕೂತಿದ್ದೆ. ಮೂರು ಸೋಮವಾರ. ನೀನು ಕೇಳಲೇ ಇಲ್ಲ."

ಪಟ್ಟಿಯಕ್ಕ ಕೀ ತಿರುಗಿಸಿದಳು. ಬಾಗಿಲು ತೆರೆಯಿತು. ಕಪಾಟಿನ ಮೇಲೆ ಯಂತ್ರ ದೂಳು ಹಿಡಿಯದೆ ಇತ್ತು, ಯಾರೋ ದಿನವೂ ಒರೆಸಿದ್ದರು. ಪ್ಲಗ್ ಅದರ ಪಕ್ಕದಲ್ಲೇ ಅಂದವಾಗಿ ಸುತ್ತಿಟ್ಟಿತ್ತು. ಹಾಕಿದಳು. ಫ್ಯಾನ್ ಗುರ್ರೆಂದಿತು. ದೀಪ ಕೆಂಪಾಯಿತು, ಆರಿತು, ಮತ್ತೆ ಕೆಂಪಾಯಿತು. ಇಬ್ಬರೂ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನಿಂತರು.

ಹಳದಿ.

"ಕೆಟ್ಟಿಲ್ಲ" ಎಂದಳು ಪಟ್ಟಿಯಕ್ಕ. ತಂಗಿ ಗೋಡೆಗೆ ಒರಗಿ ಉಸಿರು ಬಿಟ್ಟಳು.

"ಅಕ್ಕ, ತೊಂಬತ್ತೆಂಟು" ಎಂದ ಹಿಟ್ಟಣ್ಣ.

"ಇಳಿಯುತ್ತೆ. ಓದೋಕೆ ಶುರು ಮಾಡಿದೆ."

ಇಳಿಯಲಿಲ್ಲ. ಒಂದು ನಿಮಿಷ. ಎರಡು. ದೀಪ ಪಟಪಟನೆ ಮಿನುಗುತ್ತಿತ್ತು, ಅಲ್ಲಿಂದ ಹಾಳೆಗಳು ಬರುತ್ತಿದ್ದವು, ಆದರೂ ಸಂಖ್ಯೆ ಅಲ್ಲಾಡಲಿಲ್ಲ. ತಂಗಿ ಅಕ್ಕನ ಏಪ್ರನ್ನಿನ ತುದಿ ಹಿಡಿದುಕೊಂಡಿದ್ದಳು, ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ.

"ತೊಂಬತ್ತೊಂಬತ್ತು" ಎಂದ ಹಿಟ್ಟಣ್ಣ. ಅವನ ಗಂಭೀರ ದನಿ ಒಡೆಯಿತು. "ಕೇಳಬೇಡ ಅಂದಿದ್ರಿ. ಆದ್ರೂ ಕೇಳ್ತೀನಿ. ಚೀಟಿಯದ್ದು ಹೊಡೆದಿಟ್ಟಿದ್ದೀನಿ. ಒತ್ತಲಾ?"

ಪುಣ್ಯಾತ್ಮ. ಕೇಳಬೇಡ ಎಂದರೂ ಕೇಳಿದ. ಆ ಒಂದು ಪ್ರಶ್ನೆಯ ಹೊತ್ತಿನಲ್ಲಿ ಪಟ್ಟಿಯಕ್ಕನಿಗೆ ಹೊಳೆಯಿತು. ಓದಿ ಮುಗಿದ ಹಾಳೆಗಳನ್ನು ಡೇಟಾಬೇಸ್ ಕೂಡಲೇ ಎಸೆಯುವುದಿಲ್ಲ. ಒಂದು ಹೊತ್ತು ನೋಡಿ ಒಟ್ಟಿಗೆ ಗುಡಿಸುತ್ತದೆ. ಆ ಹೊತ್ತು ಇನ್ನೂ ಬಂದಿಲ್ಲ, ಅಷ್ಟೇ.

"ಒತ್ತಬೇಡ. ಅದನ್ನ ಅಳಿಸಿ ಚೆಕ್‌ಪಾಯಿಂಟ್ ಅಂತ ಹೊಡಿ. ಒಂದೇ ಪದ, ಕೊನೆಗೆ ಅರ್ಧವಿರಾಮ ಚಿಹ್ನೆ. ಈಗಲೇ ಗುಡಿಸು ಅಂತ ಅದಕ್ಕೆ ಹೇಳೋದು. ಹತ್ತು ಎಣಿಸ್ತೀನಿ. ಇಳೀಲಿಲ್ಲ ಅಂದ್ರೆ ಚೀಟಿಯದ್ದೇ ಮತ್ತೆ ಹೊಡೆದು ಒತ್ತು."

ಅವನು ಒಂದು ಬೆರಳಿನಲ್ಲಿ ಹೊಡೆಯುವವನು. ಒಂದೊಂದು ಅಕ್ಷರ ಬೀಳುವ ಸದ್ದೂ ಫೋನಿನಲ್ಲಿ ಕೇಳುತ್ತಿತ್ತು. ಟಕ್. ಟಕ್. ಆಮೇಲೆ ಪಟ್ಟಿಯಕ್ಕ ಎಣಿಸಿದಳು. ಏಳರ ಹೊತ್ತಿಗೆ ತಂಗಿಯೂ ಜೊತೆಗೂಡಿದಳು. ಎಂಟು. ಒಂಬತ್ತು.

"ತೊಂಬತ್ತೈದು" ಎಂದ ಹಿಟ್ಟಣ್ಣ. ಹಿಂದೆಯೇ, "ತೊಂಬತ್ತಮೂರು" ಎಂದ. ಆಮೇಲೆ ಅವನು ಹೇಳಿದ್ದೇನೆಂದು ಕೇಳಿಸಲಿಲ್ಲ. ಅತ್ತ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

ಕುಣಿಯಬೇಕೆನ್ನಿಸುವಷ್ಟು ಸಂತೋಷವಾಯಿತು ಪಟ್ಟಿಯಕ್ಕನಿಗೆ. ಆದರೆ ಯಂತ್ರ ಇನ್ನೂ ಒಂದು ಗಂಟೆ ಕೊರೆಯುವುದಿತ್ತು, ಬೀರುವಿನ ಬಳಿ ಅವಳು ಇರಲೇಬೇಕಿತ್ತು. "ಬರ್ತೀನಿ" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ತಂಗಿಯೂ "ಹೂಂ" ಎಂದಷ್ಟೇ ಅಂದಳು. ಕೆಳಗೆ ಗಿರಾಕಿ ತನ್ನ ಗುಂಡಿಗಳನ್ನು ತಾನೇ ಎಣಿಸಿಕೊಂಡು ಕಾಯುತ್ತಿದ್ದರು.

ಒಂದೂವರೆಗೆ ಅಚ್ಚು ಮುಗಿಯಿತು. ಸ್ಕ್ಯಾನರ್ ಮತ್ತೆ ಶುರುವಾಗಿ, ಕಾದು ಕೂತಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಬಟ್ಟಲು ಎಳೆದು, ತಣಿಸಿ, ಅಂಚು ನಯ ಮಾಡಿ, ಪಟ್ಟಿಯಕ್ಕನ ಪಟ್ಟಿ ಬಿಗಿದು ಕಾಲು ನಿಲ್ಲುವ ಹೊತ್ತಿಗೆ ನಾಲ್ಕೂವರೆ. ಅಂಚೆಯಮ್ಮ ಎದ್ದು ನಿಂತಳು. ಕೋಣೆಯ ಆ ಗೋಡೆಗೆ ಹೋಗಿ ಬಂದಳು. ಬಟ್ಟಲು ಎಲ್ಲೂ ಉಜ್ಜಲಿಲ್ಲ. ಅವಳು ನಗುತ್ತಲೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು.

ಆ ಕಾರ್ಯಾಗಾರದಲ್ಲಿ ಒಂದು ರೂಢಿ ಇದೆ. ಹೊಸ ಕಾಲು ಬಾಗಿಲು ದಾಟಿ, ಎಲ್ಲಿಗಾದರೂ ಒಂದು ಕಡೆ ಹೋಗಿ ವಾಪಸು ಬಂದ ಮೇಲೆಯೇ ಮೇಡಂ ಸಹಿ ಹಾಕುವುದು. ಎಲ್ಲಿಗೆ ಎಂದು ಕಾಲಿನವರೇ ಹೇಳಬೇಕು.

"ನಾಳೆ ಚೀಲ ಹೊತ್ತೇ ನಡೀಬೇಕು. ಇವತ್ತೂ ಹೊತ್ತೇ ಹೋಗ್ತೀನಿ" ಎಂದಳು ಅಂಚೆಯಮ್ಮ. "ಆದ್ರೆ ಖಾಲಿ ಚೀಲ ಹೊತ್ತು ಎಲ್ಲಿಗೆ 'ಹೋಗಿ ಬಂದೆ' ಅನ್ನೋದು? ತಲುಪಿಸೋಕೆ ಏನಾದ್ರೂ ಕೊಡಿ."

ಭಾರಕ್ಕೆಂದು ಹಿಟ್ಟಣ್ಣ ಚರ್ಮದ ತುಂಡುಗಳನ್ನು ತುಂಬಿದ. ಪಟ್ಟಿಯಕ್ಕ ತನ್ನ ಮೇಜಿಗೆ ಹೋಗಿ ಕೆಂಪು ನೋಟ್‌ಬುಕ್ ತೆರೆದಳು. ಮೂರು ಸರಿ ಗುರುತುಗಳ ಮೇಲೂ ಅಡ್ಡ ಗೀಟು ಎಳೆದು, ಒಂದೊಂದರ ಮುಂದೆಯೂ "ಕೇಳಲಿಲ್ಲ" ಎಂದು ಬರೆದಳು. ಮೂರು ಸಲ. ಆಮೇಲೆ ಕೆಳಗೆ, "ಬೀರುವಿನ ಮಾತು ಅನ್ನಬಾರದಿತ್ತು. ದೀಪ ಯಾವ ಬಣ್ಣ?" ಎಂದು ಬರೆದಳು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, "ಎರಡು ಬೀದಿ ಆಚೆ, ಹೊಸ ಗುಂಡಿ ಅಂಗಡಿ. ನನ್ನ ತಂಗಿಗೆ" ಎಂದಳು.

ಅಂಚೆಯಮ್ಮ ಚೀಲ ಹೆಗಲಿಗೇರಿಸಿ ಹೊರಟಳು. ಎಲ್ಲರೂ ಬಾಗಿಲಲ್ಲಿ ನಿಂತು ನೋಡಿದರು. ಟೈರಿನ ಅಂಗಡಿಯವರೆಗೆ ಒಂದೊಂದೇ ಹೆಜ್ಜೆ, ಎಚ್ಚರಿಕೆಯಿಂದ. ಅಲ್ಲಿಂದ ಮುಂದೆ ಅಂಚೆಯವರ ನಡಿಗೆ. ಶಾಲೆಯ ಗೋಡೆಯ ತಿರುವಿನಲ್ಲಿ ಮರೆಯಾದಳು.

ಇಪ್ಪತ್ತೈದು ನಿಮಿಷ ಪಟ್ಟಿಯಕ್ಕ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಮೂರು ಸಲ ಸೂಜಿಗೆ ದಾರ ಪೋಣಿಸಿದಳು, ಮೂರು ಸಲ ತೆಗೆದಳು. ಸರ್ವರಿನ ಪರದೆ ತೆರೆದರೆ ದೀಪದ ಬಣ್ಣ ತನಗೇ ಗೊತ್ತಾಗುತ್ತಿತ್ತು. ತೆರೆಯಲಿಲ್ಲ.

ಅಂಚೆಯಮ್ಮ ವಾಪಸು ಬಂದಾಗ ಹಣೆಯಲ್ಲಿ ಬೆವರಿತ್ತು, ಹೆಜ್ಜೆಯಲ್ಲಿ ಕುಂಟು ಇರಲಿಲ್ಲ. ನೇರ ಕಿಟಕಿಯ ಪಕ್ಕದ ಮೇಜಿಗೆ ಬಂದು ನೋಟ್‌ಬುಕ್ ತೆಗೆದಿಟ್ಟಳು. "ವಿಳಾಸದಾರರು ಇದ್ರು. ಕೈಗೇ ಕೊಟ್ಟೆ. ನನ್ನ ಕಾಲು ನೋಡಿ, ಇದಕ್ಕೇನಾ ಅಕ್ಕ ಓಡಿ ಬಂದಿದ್ದು ಅಂತ ಕೇಳಿದ್ರು, ಹೌದು ಅಂದೆ. ಉತ್ತರ ಬರೆದಿದ್ದಾರೆ."

ಪಟ್ಟಿಯಕ್ಕ ಪುಟ ತೆರೆದಳು. ಅವಳ ಸಾಲಿನ ಕೆಳಗೆ, ಗುಂಡಿಯ ಡಬ್ಬಿಗಳಿಗೆ ಹೆಸರು ಬರೆಯುವ ನೀಲಿ ಪೆನ್ನಿನಲ್ಲಿ, ತಂಗಿಯ ದುಂಡು ಅಕ್ಷರ:

"ಹಸಿರು. ಆದರೂ ಸೋಮವಾರ ಕೇಳು."

ಅವಳು ಸರಿ ಗುರುತು ಹಾಕಲು ಪೆನ್ನು ಎತ್ತಿದಳು. ಒಂದು ಕ್ಷಣ ಹಿಡಿದು, ಮತ್ತೆ ಕೆಳಗಿಟ್ಟಳು. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.